ಸರಾಸರಿ ಮಣ್ಣಿನಲ್ಲಿ ಯಾರ ಮಗು ಆಡುತ್ತೆ?

ಈ ಬ್ಲಾಗಿಗೆ ಬೀಗ ಹಾಕಿ ಮೂರು ತಿಂಗಳಾಯಿತು. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ, ಶುದ್ಧ ಸೋಮಾರಿತನ. ಇವತ್ತು ಮಾತ್ರ ಬರೆಯದೇ ಹೋದರೆ ರಾತ್ರಿ ನಿದ್ದೆ ಬರೋದಿಲ್ಲ. ಸ್ವಲ್ಪ ಉದ್ದ ಆಗುತ್ತೆ, ನಡುವೆ ಕೂಡೋದು ಭಾಗಿಸೋದು ಬೇರೆ ಇದೆ. ಕಾಫಿ ತಗೊಂಡು ಕೂತ್ಕೊಳ್ಳಿ.

ನನ್ನ ತಂಗಿ ಮತ್ತು ಅವಳ ಗಂಡ ಬೆಂಗಳೂರಿನಲ್ಲಿ ಒಂದು ಫ್ಲ್ಯಾಟಿಗೆ ಅಡ್ವಾನ್ಸ್ ಕೊಟ್ಟಿದ್ದಾರೆ. ಆ ಜಾಗದಲ್ಲಿ ಮೊದಲು ಒಂದು ಕಾರ್ಖಾನೆ ಇತ್ತು. ಬಾಯ್ಲರಿಗೆ ಫರ್ನೇಸ್ ಆಯಿಲ್, ಲಾರಿಗಳಿಗೆ ಡೀಸೆಲ್, ಸಾಹೇಬರುಗಳ ಕಾರಿಗೆ ಪೆಟ್ರೋಲ್, ಎಲ್ಲಕ್ಕೂ ನೆಲದೊಳಗೆ ಟ್ಯಾಂಕು. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷದ ಮೇಲೆ ಗುಜರಿಯವರು ಬಂದು ಟ್ಯಾಂಕುಗಳನ್ನು ಕಿತ್ತುಕೊಂಡು ಹೋದರು. ಅವುಗಳ ತಳ ತುಕ್ಕು ಹಿಡಿದು ತೂತಾಗಿತ್ತಾ, ಎಷ್ಟು ವರ್ಷ ಸೋರಿತ್ತು, ಯಾರೂ ಕೇಳಲಿಲ್ಲ. ಈಗ ಪಾಯ ತೆಗೆಯುವಾಗ ಒಂದು ಮೂಲೆಯಲ್ಲಿ ಕೆಂಪು ಮಣ್ಣಿನ ಬದಲು ಕಪ್ಪು ಮಣ್ಣು ಬಂದಿದೆ, ಸೀಮೆಎಣ್ಣೆ ಸ್ಟೌ ಆರಿಸಿದಾಗ ಬರೋ ಥರದ ವಾಸನೆ. ಬಣ್ಣಬಣ್ಣದ ಬ್ರೋಷರಿನಲ್ಲಿ ಆ ಮೂಲೆಗೆ ಮಕ್ಕಳ ಆಟದ ಅಂಗಳ ಅಂತ ಬರೆದು ಜಾರುಬಂಡೆಯ ಚಿತ್ರ ಹಾಕಿದ್ದಾರೆ.

ನನ್ನ ಸೋದರಳಿಯನಿಗೆ ಎರಡು ವರ್ಷ. ಮಣ್ಣು ಕಂಡರೆ ಬಾಯಿಗೆ. ಯಶೋದೆಗೆ ಮಗನ ಬಾಯಲ್ಲಿ ಬ್ರಹ್ಮಾಂಡ ಕಂಡಿತಂತೆ, ನಮ್ಮ ತಂಗಿಗೆ ಕಾಣೋದು ಬರೀ ಮಣ್ಣು :)

ತಂಗಿ ಗಟ್ಟಿಗಿತ್ತಿ, ಕಟ್ಟುವವರ ಆಫೀಸಿಗೇ ಹೋಗಿ ಕೇಳಿದಳು. ಅವರು ಮಣ್ಣು ಪರೀಕ್ಷೆ ಮಾಡಿಸಿದ ವರದಿ ಕಳಿಸಿದರು. ಎರಡೇ ಹಾಳೆ. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ "ಸರಾಸರಿ ಪ್ರಮಾಣ ಅಂತರರಾಷ್ಟ್ರೀಯ ಮಿತಿಯೊಳಗೆ ಇರುವುದರಿಂದ ಜಾಗ ವಾಸಕ್ಕೆ ಸುರಕ್ಷಿತ" ಅಂತ ಇತ್ತು. "ಭಾವ, ರಿಪೋರ್ಟೇ ಬಂದಿದೆಯಲ್ಲ, ಇನ್ನೇನು ತಕರಾರು?" ಅಂತ ಅವಳ ಗಂಡನ ಫೋನು. ಅವನನ್ನು ಬೈಯೋಕೂ ಮನಸ್ಸಿಲ್ಲ, ಪಾಪ, ಮುಂದಿನ ಕಂತಿನ ತಾರೀಖು ಹತ್ತಿರ ಬಂದಿದೆ. ತಂಗಿ ಮಾತ್ರ "ಅಣ್ಣ, ನೀನೊಂದ್ಸಲ ನೋಡು" ಅಂದಳು. ನಾನು ಓದಿದ್ದು ಸಿವಿಲ್, ಹೊಟ್ಟೆಪಾಡಿಗೆ ಕೆಲವು ವರ್ಷ ಒಂದು ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿದ್ದೆ. ನೋಡಿದೆ. ನೋಡಿ ಬಿಪಿ ಏರಿಸಿಕೊಂಡೆ.

ವರದಿಯಲ್ಲಿ ಹತ್ತು ಸ್ಯಾಂಪಲ್ಲು. ಒಂಬತ್ತರಲ್ಲಿ ಒಂದು ಕಿಲೋ ಮಣ್ಣಿಗೆ 15ರಿಂದ 60 ಮಿಲಿಗ್ರಾಂ ಎಣ್ಣೆ. ಹತ್ತನೆಯದರಲ್ಲಿ 6,200. ಹತ್ತನ್ನೂ ಕೂಡಿಸಿ ಹತ್ತರಿಂದ ಭಾಗಿಸಿದ್ದಾರೆ, 648 ಬಂದಿದೆ. ಪಕ್ಕದಲ್ಲಿ "ನೆದರ್ಲೆಂಡ್ಸ್ ಮಿತಿ 5,000" ಅಂತ ಬರೆದಿದ್ದಾರೆ. 648 ಎಲ್ಲಿ, 5,000 ಎಲ್ಲಿ! ಶುಭಂ.

ಒಂಬತ್ತು ಲೋಟ ನೀರು, ಒಂದು ಲೋಟ ಸೀಮೆಎಣ್ಣೆ ಇಟ್ಟು "ಸರಾಸರಿ ನೋಡಿದರೆ ಕುಡಿಯಬಹುದು" ಅಂದ ಹಾಗಾಯ್ತು. ಸರಾಸರಿ ಲೋಟ ಅನ್ನೋದು ಯಾವ ಮೇಜಿನ ಮೇಲೂ ಇರೋದಿಲ್ಲ. ಐದು ಎಕರೆಯ ಸರಾಸರಿ ಮಣ್ಣಿನಲ್ಲಿ ಯಾವ ಮಗುವೂ ಆಡೋದಿಲ್ಲ, ಅದು ಆಡೋದು ಹತ್ತನೇ ಸ್ಯಾಂಪಲ್ ತೆಗೆದ ಆ ಮೂಲೆಯಲ್ಲಿ.

ಇದು ಕಣ್ಣಿಗೆ ಕಾಣುವ ತಪ್ಪು. ನನಗೆ ನಿಜವಾಗಿ ಸಿಟ್ಟು ಬಂದಿದ್ದು ಆ 5,000ದ ಮೇಲೆ. ನಾವು ಪರದೇಶದ ಅಂಕಿಯನ್ನು ಎರವಲು ತರುತ್ತೇವೆ, ಅದರ ಜೊತೆಗಿದ್ದ ಷರತ್ತುಗಳನ್ನು ವಿಮಾನ ನಿಲ್ದಾಣದಲ್ಲೇ ಬಿಟ್ಟು ಬರುತ್ತೇವೆ. 5,000 ಬಂದಿದ್ದು ನೆದರ್ಲೆಂಡ್ಸ್ ಸರಕಾರದ ಮಣ್ಣು ಶುದ್ಧೀಕರಣದ ಸುತ್ತೋಲೆಯಿಂದ. ವರದಿಯವರೇ 2013ರ ಆವೃತ್ತಿ ಅಂತ ಹೆಸರಿಸಿದ್ದಾರೆ. ನಾನು ಆ ಸುತ್ತೋಲೆ ತೆಗೆದು ಓದಿದೆ. ಅವರು ಓದಿಲ್ಲ ಅಂತ ಬರೆದುಕೊಡುತ್ತೇನೆ.

ಮೊದಲನೆಯದಾಗಿ ಆ 5,000 "ಇದರ ಕೆಳಗೆ ಸುರಕ್ಷಿತ" ಅನ್ನೋ ಗೆರೆಯೇ ಅಲ್ಲ. ಅದನ್ನು ದಾಟಿದರೆ ಮಾಲಿನ್ಯ ಗಂಭೀರ, ಸರಕಾರ ಮಧ್ಯೆ ಬರಬೇಕು ಅನ್ನೋ ಗೆರೆ. ಅದೇ ದೇಶದವರು 2000ದ ಪಟ್ಟಿಯಲ್ಲಿ ಖನಿಜ ತೈಲಕ್ಕೆ ಗುರಿ ಅಂತ ಕೊಟ್ಟಿದ್ದು 50. ನೂರು ಪಟ್ಟು ವ್ಯತ್ಯಾಸ. ಪರೀಕ್ಷೆಯಲ್ಲಿ ಫೇಲ್ ಆಗಲಿಲ್ಲ ಅಂದ ಮಾತ್ರಕ್ಕೆ ರ‍್ಯಾಂಕ್ ಬಂತು ಅಂತ ಸ್ವೀಟ್ ಹಂಚಿದ ಹಾಗೆ.

ಇನ್ನು ಸರಾಸರಿ. ಅವರಲ್ಲೂ ಸರಾಸರಿ ಇದೆ, ಆದರೆ 25 ಘನ ಮೀಟರ್ ಮಣ್ಣಿಗೆ. ಅಂದರೆ ಎರಡು ಟಿಪ್ಪರ್ ಲೋಡಿನ ಆಸುಪಾಸು. ಅಷ್ಟು ಮಣ್ಣಿನ ಸರಾಸರಿ ಗೆರೆ ದಾಟಿದರೆ ಸಾಕು, ಗಂಭೀರ. ಇಡೀ ಲೇಔಟಿನ ಮಣ್ಣನ್ನು ಕಲಸಿ ಭಾಗಿಸಿ ಅಂತ ಯಾರೂ ಹೇಳಿಲ್ಲ. ನಮ್ಮ ಹತ್ತನೇ ಸ್ಯಾಂಪಲ್ಲಿನ ಸುತ್ತ ಇನ್ನು ನಾಲ್ಕು ಗುಂಡಿ ತೋಡಿ ನೋಡಿದ್ದರೆ ಎರಡು ಟಿಪ್ಪರ್ ಆಗುತ್ತಾ, ಇನ್ನೂರು ಆಗುತ್ತಾ ಅಂತ ಗೊತ್ತಾಗುತ್ತಿತ್ತು. ತೋಡಿಲ್ಲ.

ಮೂರನೆಯದು ನನಗೆ ತುಂಬಾ ಇಷ್ಟವಾಯಿತು. 5,000 ಅನ್ನೋದು ಸಾವಯವ ಅಂಶ ನೂರಕ್ಕೆ 10, ಜೇಡಿ ನೂರಕ್ಕೆ 25 ಇರೋ "ಪ್ರಮಾಣಿತ ಮಣ್ಣಿಗೆ" ಮಾತ್ರ. ನಿಮ್ಮ ಮಣ್ಣು ಹಾಗಿಲ್ಲದಿದ್ದರೆ ಎಣ್ಣೆಯ ಮಿತಿಯನ್ನು ಸಾವಯವ ಅಂಶಕ್ಕೆ ತಕ್ಕಂತೆ ಇಳಿಸಬೇಕು, ಲೆಕ್ಕಕ್ಕೆ ಕನಿಷ್ಠ ನೂರಕ್ಕೆ 2 ಅಂತ ಹಿಡಿಯಬೇಕು. ಯಾಕಂದರೆ ಎಣ್ಣೆಯನ್ನು ಹಿಡಿದಿಟ್ಟುಕೊಳ್ಳೋದು ಮಣ್ಣಿನ ಸಾವಯವ ಅಂಶ. ಅದಿಲ್ಲದ ಮಣ್ಣಿನಲ್ಲಿ ಎಣ್ಣೆ ಸಲೀಸಾಗಿ ಕೆಳಗಿಳಿಯುತ್ತೆ, ಆವಿಯಾಗಿ ಮೇಲೇರುತ್ತೆ. ಈಗ ಹೇಳಿ, ಬೆಂಗಳೂರಿನ ಕೆಂಪು ಮಣ್ಣಿನಲ್ಲಿ, ಅದೂ ಪಾಯದ ಆಳದಲ್ಲಿ, ಗೊಬ್ಬರ ಎಲ್ಲಿಂದ ಬರಬೇಕು? ನೂರಕ್ಕೆ 2 ಅಂತ ಹಿಡಿದರೆ ಮಿತಿ 5,000 ಅಲ್ಲ, 1,000. ಹತ್ತನೇ ಸ್ಯಾಂಪಲ್ಲು ಅದಕ್ಕಿಂತ ಆರು ಪಟ್ಟು ಮೇಲೆ.

ಕೊನೆಗೊಂದು ಅಡಿಟಿಪ್ಪಣಿ. ಪೆಟ್ರೋಲ್ ಅಥವಾ ಉರುವಲು ಎಣ್ಣೆಯಿಂದ ಮಣ್ಣು ಕೆಟ್ಟಿದ್ದರೆ ಒಟ್ಟು ಎಣ್ಣೆ ಮಾತ್ರ ಅಳೆದರೆ ಸಾಲದು, ಬೆಂಜೀನ್ ಜಾತಿಯ ಆರೋಮ್ಯಾಟಿಕ್‌ಗಳನ್ನೂ ಪಿಎಎಚ್‌ಗಳನ್ನೂ ಬೇರೆಯಾಗಿ ಅಳೆಯಬೇಕು ಅಂತ ಅಲ್ಲಿ ಸ್ಪಷ್ಟವಾಗಿ ಇದೆ. ನಮ್ಮ ವರದಿಯಲ್ಲಿ ಇರೋದು ಒಟ್ಟು ಎಣ್ಣೆಯ ಒಂದೇ ಕಾಲಂ. ಒಟ್ಟು ಎಣ್ಣೆ ಅನ್ನೋದು ತೂಕ, ವಿಷ ಅಲ್ಲ. ಗ್ರೀಸು ಹಳೆಯದಾಗಿ ಗಟ್ಟಿಯಾದ ಮಣ್ಣಿನಲ್ಲಿ ದೊಡ್ಡ ಅಂಕಿ ಬಂದರೂ ಅಪಾಯ ಕಮ್ಮಿ ಇರಬಹುದು, ಪೆಟ್ರೋಲ್ ಸೋರಿದ ಕಡೆ ಸಣ್ಣ ಅಂಕಿ ಬಂದರೂ ಅದರಲ್ಲಿ ಬೆಂಜೀನ್ ಇದ್ದರೆ ಕಥೆ ಬೇರೆ. ಬೆಂಜೀನ್ ರಕ್ತದ ಕ್ಯಾನ್ಸರ್ ತರುತ್ತೆ ಅನ್ನೋದರಲ್ಲಿ ಯಾರಿಗೂ ಅನುಮಾನ ಉಳಿದಿಲ್ಲ. ಇವತ್ತಿನ ಬಿಎಸ್6 ಪೆಟ್ರೋಲಿನಲ್ಲಿ ಬೆಂಜೀನ್ ನೂರಕ್ಕೆ 1ರ ಮಿತಿಯಲ್ಲಿದೆ, 2000ದ ಹೊತ್ತಿಗೆ ದೇಶದ ಬಹುಪಾಲು ಕಡೆ ನೂರಕ್ಕೆ 5ರವರೆಗೆ ಇರಬಹುದಿತ್ತು. ಸೀಸ ಬೆರೆಸಿದ ಪೆಟ್ರೋಲ್ ದೇಶದಾದ್ಯಂತ ನಿಂತಿದ್ದೂ 2000ದ ಫೆಬ್ರವರಿ 1ಕ್ಕೆ. ಈ ಟ್ಯಾಂಕುಗಳು ಅದಕ್ಕಿಂತ ಹಳೆಯವು. ನೆಲದೊಳಗೆ ಇರೋದು ಇವತ್ತಿನ ಬಂಕಿನ ಪೆಟ್ರೋಲ್ ಅಲ್ಲ, ಆ ಕಾಲದ್ದು.

ಬೆಂಜೀನ್ ನೀರಿಗಿಳಿದರೆ ಏನಾಗುತ್ತೆ ಅಂತ ಒಂದು ಲೆಕ್ಕ. ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಇವತ್ತಿನ ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 10 ಎಂಎಲ್, ಅಂದರೆ ಎಂಟು ಮುಕ್ಕಾಲು ಗ್ರಾಂ ಬೆಂಜೀನ್ ಇದೆ ಅಂತಿಟ್ಟುಕೊಳ್ಳಿ. ಅದಷ್ಟೂ ನೀರಿಗೆ ಸೇರಿದರೆ ಎಂಟು ಲಕ್ಷ ಚಿಲ್ಲರೆ ಲೀಟರನ್ನು ಆ ಮಟ್ಟಕ್ಕೆ ತರಬಲ್ಲದು. ಹನ್ನೆರಡು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಎಪ್ಪತ್ತಕ್ಕೂ ಹೆಚ್ಚು ಟ್ಯಾಂಕರ್. ಒಂದೇ ಒಂದು ಲೀಟರ್! ಬ್ರೋಷರಿನಲ್ಲಿ "24 ಗಂಟೆ ಬೋರ್‌ವೆಲ್ ನೀರು" ಅಂತ ಇದೆ. ವರದಿಯಲ್ಲಿ ನೀರಿನ ಪರೀಕ್ಷೆ ಇಲ್ಲ.

ಬೆಂಜೀನ್ ಹುಡುಕಿದ್ದರೂ ಸಿಗುತ್ತಿತ್ತಾ ಅನ್ನೋದು ನನಗೆ ಅನುಮಾನ. ಇದು ಲ್ಯಾಬಿನಲ್ಲಿದ್ದಾಗ ಕಣ್ಣಾರೆ ಕಂಡಿದ್ದು. ಹುಡುಗರು ಸಲಿಕೆಯಲ್ಲಿ ಮಣ್ಣು ಅಗೆದು ಬಕೆಟ್ಟಿನಲ್ಲಿ ಚೆನ್ನಾಗಿ ಕಲಸಿ, ಪ್ಲಾಸ್ಟಿಕ್ ಕವರಿಗೆ ತುಂಬಿ, ಕಾರಿನ ಡಿಕ್ಕಿಯಲ್ಲಿಟ್ಟು, ದಾರಿಯಲ್ಲಿ ಊಟ ಮುಗಿಸಿ ಸಾಯಂಕಾಲ ತಂದು ಕೊಡೋರು. ಬೆಂಜೀನ್ ಪೆಟ್ರೋಲ್ ಜೊತೆ ಹಾರಿಹೋಗುವ ವಸ್ತು. ಬಕೆಟ್ಟಿನಲ್ಲಿ ಕಲಸುವಾಗಲೇ ಅರ್ಧ ಗಾಳಿಗೆ. ಅದನ್ನು ಹಿಡಿಯಬೇಕಾದರೆ ತೋಡಿದ ಕೂಡಲೇ, ಕಲಸದೆ, ಬಿಗಿ ಮುಚ್ಚಳದ ಸಣ್ಣ ಸೀಸೆಗೆ ಹಾಕಬೇಕು, ಮೆಥನಾಲ್ ಇದ್ದರೆ ಒಳ್ಳೆಯದು, ಐಸಿನಲ್ಲಿಟ್ಟು ತರಬೇಕು. ಡಿಕ್ಕಿಯಲ್ಲಿ ಬೆಂದ ಮಣ್ಣಿನಲ್ಲಿ "ಪತ್ತೆಯಾಗಿಲ್ಲ" ಅಂತ ಬರೆದು ನಾವು ಎಷ್ಟು ವರದಿ ಕೊಟ್ಟೆವೋ. ಅವುಗಳಲ್ಲಿ ಕೆಲವಕ್ಕೆ ನನ್ನ ಸಹಿಯೂ ಇದೆ. ಈ ಬರಹದ ಸಿಟ್ಟಿನಲ್ಲಿ ಒಂದು ಪಾಲು ನನ್ನ ಮೇಲೇ.

ಹುಡುಕದೇ ಇದ್ದರೆ ಸಿಗೋದಿಲ್ಲ ಅನ್ನೋದಕ್ಕೆ ನನಗೆ ಗೊತ್ತಿರೋ ದೊಡ್ಡ ಉದಾಹರಣೆ ನ್ಯೂಯಾರ್ಕಿನದು. ಬ್ರೂಕ್ಲಿನ್‌ನ ಗ್ರೀನ್‌ಪಾಯಿಂಟ್ ಅನ್ನೋ ಬಡಾವಣೆ. ಪಕ್ಕದಲ್ಲಿ ನ್ಯೂಟೌನ್ ಕ್ರೀಕ್, ಅದರ ದಡದಲ್ಲಿ 19ನೇ ಶತಮಾನದಿಂದ ಎಣ್ಣೆ ಶುದ್ಧೀಕರಣದ ಕಾರ್ಖಾನೆಗಳು. 1950ರ ಅಕ್ಟೋಬರಿನಲ್ಲಿ ಅಲ್ಲಿ ರಸ್ತೆಯಡಿಯ ಚರಂಡಿ ಸಿಡಿದು ಮ್ಯಾನ್‌ಹೋಲ್ ಮುಚ್ಚಳಗಳು ಹಾರಿಹೋದವು. ನೆಲದಡಿ ಏನಿದೆ ಅಂತ ಆಗಲೇ ಅಗೆದು ನೋಡಬಹುದಿತ್ತು. 1978ರಲ್ಲಿ ಕರಾವಳಿ ಕಾವಲು ಪಡೆಯ ಹೆಲಿಕಾಪ್ಟರಿನವರ ಕಣ್ಣಿಗೆ ನೀರಿನ ಮೇಲೆ ಎಣ್ಣೆ ಬೀಳುವ ತನಕ ದೊಡ್ಡ ತನಿಖೆ ಆಗಲಿಲ್ಲ. ಇಪ್ಪತ್ತೆಂಟು ವರ್ಷ! ಆಮೇಲೆ ಅಳೆದಾಗ ಮನೆಗಳ ಕೆಳಗೆ, ಅಂಗಡಿಗಳ ಕೆಳಗೆ 1 ಕೋಟಿ 70 ಲಕ್ಷ ಗ್ಯಾಲನ್, ಅಂದರೆ ಆರು ಕೋಟಿ ಲೀಟರಿಗೂ ಹೆಚ್ಚು ಎಣ್ಣೆ ಇದೆ ಅಂತ ಅಂದಾಜಾಯಿತು. 1989ರಲ್ಲಿ ಅಲಾಸ್ಕದಲ್ಲಿ ಹಡಗು ಒಡೆದು ಚೆಲ್ಲಿ ಜಗತ್ತೆಲ್ಲ ಬೊಬ್ಬೆಯಾಯಿತಲ್ಲ, ಅದಕ್ಕಿಂತ ಹೆಚ್ಚು. ಇದು ನೆಲದಡಿ ಇದ್ದದ್ದಕ್ಕೆ ಎಣ್ಣೆ ಮೆತ್ತಿದ ಹಕ್ಕಿಯ ಫೋಟೋ ಯಾರಿಗೂ ಸಿಗಲಿಲ್ಲ, ಅಷ್ಟೇ. ತೈಲ ಕಂಪನಿಯ ಜೊತೆ ನ್ಯೂಯಾರ್ಕ್ ರಾಜ್ಯದ ವ್ಯಾಜ್ಯ ಒಪ್ಪಂದಕ್ಕೆ ಬಂದಿದ್ದು 2010ರಲ್ಲಿ.

ಆದರೆ ನಾನು ಹೇಳಬೇಕು ಅಂದುಕೊಂಡಿದ್ದು ಇದರ ಮುಂದಿನ ಭಾಗ. ಎಣ್ಣೆಯ ಆವಿ ಮನೆಗಳೊಳಗೆ ನುಗ್ಗುತ್ತಿದೆಯಾ ಅಂತ ರಾಜ್ಯದವರು ಮಣ್ಣಿನೊಳಗಿನ ಗಾಳಿಯನ್ನು ಪರೀಕ್ಷಿಸಿದರು. ಪರೀಕ್ಷೆಯಲ್ಲಿ ಎದುರಾಗಿದ್ದು ಇನ್ನೊಂದೇ ವಿಷ: ಬಟ್ಟೆ ಡ್ರೈಕ್ಲೀನಿಂಗಿಗೂ ಲೋಹ ತೊಳೆಯೋದಕ್ಕೂ ಬಳಸುವ ಕ್ಲೋರಿನ್ ಇರುವ ದ್ರಾವಕಗಳು. ಎಣ್ಣೆ ಅಂತ ಹೊರಟವರಿಗೆ ಬೇರೆಯದೇ ಮಾಲಿನ್ಯ ಸಿಕ್ಕಿತು. 2022ರಲ್ಲಿ ಅದನ್ನು ಮೀಕರ್ ಅವೆನ್ಯೂ ಅನ್ನೋ ಹೆಸರಿನಲ್ಲಿ ಅಮೆರಿಕದ ಸೂಪರ್‌ಫಂಡ್ ಪಟ್ಟಿಗೆ ಸೇರಿಸಿದರು. "ಒಟ್ಟು ಎಣ್ಣೆ" ಅಂತ ಒಂದೇ ಕಾಲಂ ಹಾಕಿಕೊಂಡು ಹೋಗಿದ್ದರೆ ಅದು ಈಗಲೂ ನೆಲದಡಿ ಗುಟ್ಟಾಗಿ ಕೂತಿರುತ್ತಿತ್ತು. ನಮ್ಮ ಕಾರ್ಖಾನೆಯಲ್ಲೂ ಯಂತ್ರದ ಬಿಡಿಭಾಗ ತೊಳೆಯುವ ಶೆಡ್ಡು ಇತ್ತಂತೆ. ವಾಚ್‌ಮನ್ ಅಜ್ಜ ತಂಗಿಗೆ ಹೇಳಿದ್ದು. ವರದಿ ಬರೆದವರು ಆ ಅಜ್ಜನನ್ನು ಮಾತಾಡಿಸಿಲ್ಲ, ಆದರೆ ಇಂಥ ಜಾಗದಲ್ಲಿ ಮೊದಲ ಕೆಲಸವೇ ಅದು, ಹಳೇ ನಕ್ಷೆ ಮತ್ತು ಹಳೇ ಕೆಲಸಗಾರರು. ಎಲ್ಲಿ ಏನಿಟ್ಟಿದ್ದರು ಅಂತ ತಿಳಿಯದೆ ಹತ್ತು ಗುಂಡಿ ಎಲ್ಲಿ ತೋಡುತ್ತೀರಿ? ಇವರು ತೋಡಿದ್ದು ಒಂದೊಂದೂ ಒಂದಡಿ ಆಳ. ಟ್ಯಾಂಕಿದ್ದದ್ದು ಆಳುದ್ದ ಕೆಳಗೆ.

ಇನ್ನು ವಾಟ್ಸ್ಯಾಪ್ ಪಂಡಿತರ ಕಡೆಗೂ ಒಂದು ಮಾತು. ಖರೀದಿದಾರರ ಗ್ರೂಪಿನಲ್ಲಿ ಅಷ್ಟರಲ್ಲೇ "ಕ್ಯಾನ್ಸರ್ ಮಣ್ಣು, ಎಲ್ಲರೂ ಬುಕಿಂಗ್ ಕ್ಯಾನ್ಸಲ್ ಮಾಡಿ" ಅಂತ ಫಾರ್ವರ್ಡ್ ಓಡಾಡುತ್ತಿದೆ. ಇದೂ ಅಷ್ಟೇ ಬೇಜವಾಬ್ದಾರಿ. ಎಣ್ಣೆಯ ಆವಿಗೆ ಒಂದು ಒಳ್ಳೆಯ ಗುಣ ಇದೆ. ಮಣ್ಣಿನಲ್ಲಿ ಆಮ್ಲಜನಕ ಇದ್ದರೆ ಸೂಕ್ಷ್ಮಜೀವಿಗಳು ಅದನ್ನು ತಿಂದು ಮುಗಿಸುತ್ತವೆ. ಅಮೆರಿಕದ ಇಪಿಎ 2015ರ ಮಾರ್ಗಸೂಚಿಯಲ್ಲಿ, ತೇಲುವ ಎಣ್ಣೆಗೂ ಕಟ್ಟಡದ ತಳಕ್ಕೂ ನಡುವೆ 15 ಅಡಿ ಒಳ್ಳೆ ಮಣ್ಣಿದ್ದರೆ ಸಾಮಾನ್ಯವಾಗಿ ಆವಿಯ ಚಿಂತೆ ಇಲ್ಲ ಅನ್ನುತ್ತೆ. ಕೆಟ್ಟ ಮಣ್ಣನ್ನು ತೆಗೆಯಬಹುದು, ಗಾಳಿ ಹಾಯಿಸಿ ಆವಿ ಎಳೆಯಬಹುದು, ಗೊಬ್ಬರ-ನೀರು ಕೊಟ್ಟು ಸೂಕ್ಷ್ಮಜೀವಿಗಳಿಂದಲೇ ಕೆಲಸ ಮಾಡಿಸಬಹುದು. ಡೀಸೆಲ್ ಬಿದ್ದ ನೆಲ ಅಂದರೆ ಶಾಪಗ್ರಸ್ತ ನೆಲ ಅಲ್ಲ. ಆದರೆ ಎರಡಂತಸ್ತಿನ ಬೇಸ್‌ಮೆಂಟ್ ಅಗೆದರೆ ಆ 15 ಅಡಿಯನ್ನೇ ನೀವು ಟಿಪ್ಪರಿಗೆ ತುಂಬಿ ಕಳಿಸಿದ ಹಾಗೆ. ಮೇಲೆ ಉದ್ದಗಲಕ್ಕೂ ಕಾಂಕ್ರೀಟು ಹಾಸಿದರೆ ಕೆಳಗಿನ ಮಣ್ಣಿಗೆ ಉಸಿರೂ ಇಲ್ಲ.

"ವಾಸನೆ ಹೋದರೆ ಸರಿ" ಅನ್ನೋರಿಗೂ ಉತ್ತರ ಇದೆ. ಗಾಳಿಯಲ್ಲಿ ಬೆಂಜೀನ್ ಘನ ಮೀಟರಿಗೆ 1.7 ಮೈಕ್ರೋಗ್ರಾಂ ಇದ್ದು ಜೀವಮಾನವಿಡೀ ಉಸಿರಾಡಿದರೆ ಲಕ್ಷಕ್ಕೆ ಒಬ್ಬರಿಗೆ ಹೆಚ್ಚುವರಿಯಾಗಿ ರಕ್ತದ ಕ್ಯಾನ್ಸರ್ ಬರಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ನಮ್ಮ ಮೂಗಿಗೆ ಅದು ಗೊತ್ತಾಗಬೇಕಾದರೆ ಸಾವಿರಾರು ಮೈಕ್ರೋಗ್ರಾಂ ಬೇಕು. ನಮ್ಮ ದೇಶದ ಹೊರಗಾಳಿಯ ಮಿತಿಯೇ 5. ಹೌದು, ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ದಿನಾ ಅದನ್ನೇ ಕುಡೀತೀವಿ. ಹೊರಗಿನ ಗಾಳಿ ಕೆಟ್ಟಿದೆ ಅಂದ ಮೇಲೆ ಮನೆಯೊಳಗಾದರೂ ಚೆನ್ನಾಗಿರಲಿ ಅಂತ ಕೇಳಬೇಕೋ, ಅದೂ ಕೆಡಲಿ ಬಿಡು ಅನ್ನಬೇಕೋ? "ನಮ್ಮಜ್ಜ ಸೀಮೆಎಣ್ಣೆ ಬುಡ್ಡಿ ಹೊಗೆ ಕುಡಿದು ತೊಂಬತ್ತು ವರ್ಷ ಬದುಕಿದ್ರು" ಅನ್ನೋರಿಗೆ ಮಾತ್ರ ನನ್ನ ಹತ್ತಿರ ಉತ್ತರ ಇಲ್ಲ, ನಮಸ್ಕಾರ ಇದೆ.

ಸುರಕ್ಷಿತ ಅಂದರೆ ಯಾರಿಗೆ ಸುರಕ್ಷಿತ? ಇಪಿಎ ಲೆಕ್ಕದಲ್ಲಿ ದೊಡ್ಡವರು ದಿನಕ್ಕೆ 100 ಮಿಲಿಗ್ರಾಂ ಮಣ್ಣು ಧೂಳು ನುಂಗುತ್ತಾರೆ, ತೂಕ 80 ಕಿಲೋ. ಪುಟ್ಟ ಮಗು 200 ಮಿಲಿಗ್ರಾಂ, ತೂಕ 15 ಕಿಲೋ. ಭಾಗಿಸಿ ನೋಡಿ. ಮೈತೂಕದ ಒಂದೊಂದು ಕಿಲೋಗೆ ಮಗುವಿನ ಪಾಲು ದೊಡ್ಡವರ ಹತ್ತು ಪಟ್ಟಿಗೂ ಹೆಚ್ಚು. ಅದೇ ಮಣ್ಣು, ಅದೇ ಎಣ್ಣೆ. ಗೋಡೌನ್ ಕಟ್ಟಿದರೆ ಒಂದು ಉತ್ತರ, ಆಟದ ಅಂಗಳ ಕಟ್ಟಿದರೆ ಇನ್ನೊಂದು. ಕಪ್ಪು ಮಣ್ಣು, ಅಲ್ಲಿಂದ ಬಾಯಿಗೋ ಮೂಗಿಗೋ ಬೋರ್‌ವೆಲ್ಲಿಗೋ ಹೋಗುವ ದಾರಿ, ಆ ತುದಿಯಲ್ಲಿ ಒಬ್ಬ ಮನುಷ್ಯ, ಈ ಮೂರೂ ಇಲ್ಲದ ವರದಿಯನ್ನು ಅಪಾಯದ ಅಂದಾಜು ಅಂತ ಕರೆಯೋದೇ ತಪ್ಪು. ನಮ್ಮ ಎರಡು ಹಾಳೆಯಲ್ಲಿ "ಮಗು" ಅನ್ನೋ ಪದವೇ ಇಲ್ಲ.

ಕಾನೂನು ಇಲ್ಲವಾ? ಈಗ ಇದೆ. 2025ರ ಜುಲೈನಲ್ಲಿ ಕೇಂದ್ರ ಸರಕಾರ ಮಲಿನಗೊಂಡ ಜಾಗಗಳ ನಿರ್ವಹಣೆಗೆ ಅಂತಲೇ ನಿಯಮಗಳನ್ನು ತಂದಿತು. ಅನುಮಾನ ಇರೋ ಜಾಗಗಳ ಪಟ್ಟಿಯನ್ನು ಜಿಲ್ಲಾಡಳಿತ ಕಳಿಸಬೇಕು, ರಾಜ್ಯ ಮಂಡಳಿ 90 ದಿನದಲ್ಲಿ ಪ್ರಾಥಮಿಕ ಪರೀಕ್ಷೆ ಮುಗಿಸಬೇಕು, ಆಮೇಲೆ ಇನ್ನು ಮೂರು ತಿಂಗಳಲ್ಲಿ ವಿವರವಾದ ಸಮೀಕ್ಷೆ. ಕೆಡಿಸಿದವರೇ ಖರ್ಚು ಕೊಡಬೇಕು. ಒಳ್ಳೆಯದೇ. ಆದರೆ ನಿಯಮ ಬಂದ ಹೊತ್ತಿಗೆ ದೇಶದಲ್ಲಿ ಗುರುತಿಸಿದ್ದ 103 ಜಾಗಗಳಲ್ಲಿ ಶುದ್ಧೀಕರಣ ಶುರುವಾಗಿದ್ದದ್ದು ಏಳರಲ್ಲಿ ಅಂತ ವರದಿಯಾಗಿತ್ತು. ಮತ್ತೆ 90 ದಿನದಲ್ಲಿ ನಮ್ಮ ಕಡೆಯ ಜೆಸಿಬಿಗಳು ಪಾಯ ತೆಗೆದು, ಕಂಬ ಎಬ್ಬಿಸಿ, ಗೃಹಪ್ರವೇಶದ ಕರಪತ್ರ ಅಚ್ಚಿಗೆ ಕೊಟ್ಟಿರುತ್ತವೆ. ಬಿನ್ನಿ ಮಿಲ್ ಇದ್ದಲ್ಲಿ ಅಪಾರ್ಟ್‌ಮೆಂಟು, ರಾಜಾ ಮಿಲ್ ಇದ್ದಲ್ಲಿ ಮಾಲ್ ಎದ್ದಿದ್ದನ್ನು ನಾವೇ ನೋಡಿದ್ದೇವೆ. ಅಲ್ಲಿನ ಮಣ್ಣು ಕೆಟ್ಟಿತ್ತು ಅಂತ ನಾನು ಹೇಳುತ್ತಿಲ್ಲ. ಕಾರ್ಖಾನೆಯ ಜಾಗಕ್ಕೆ ಮನೆ ಮಾಡುವಾಗ ಟೈಟಲ್ ಡೀಡು, ಖಾತಾ, ಇಸಿ ಎಲ್ಲ ಭೂತಗನ್ನಡಿ ಹಿಡಿದು ನೋಡುವ ನಾವು ಮಣ್ಣಿನ ಬಗ್ಗೆ ಒಂದು ಹಾಳೆ ಕೇಳಿದ್ದೇವಾ ಅಂತ ಕೇಳುತ್ತಿದ್ದೇನೆ. ವಕೀಲರಿಗೆ ಕೊಡುವ ಫೀಸಿನಲ್ಲಿ ನಾಲ್ಕು ಗುಂಡಿ ತೋಡಿಸಬಹುದು.

ತಂಗಿಯ ಹೆಸರಲ್ಲಿ ಕಟ್ಟುವವರಿಗೆ ಒಂದು ಪತ್ರ ಬರೆದುಕೊಟ್ಟೆ. ಟ್ಯಾಂಕಿದ್ದ ಜಾಗದ ನಕ್ಷೆ ಕೊಡಿ, ಹತ್ತನೇ ಗುಂಡಿಯ ಸುತ್ತ ಟ್ಯಾಂಕಿನ ತಳಕ್ಕಿಂತ ಕೆಳಗಿನ ತನಕ ತೋಡಿ, ಬೆಂಜೀನನ್ನೂ ಪಿಎಎಚ್ ಅನ್ನೂ ದ್ರಾವಕಗಳನ್ನೂ ಸೀಸವನ್ನೂ ಬೇರೆ ಬೇರೆ ಅಳೆಯಿರಿ, ಬೋರ್‌ವೆಲ್ ನೀರು ಪರೀಕ್ಷಿಸಿ, ಸ್ಯಾಂಪಲ್ ಹೇಗೆ ತೆಗೆದಿರಿ ಅಂತ ಫೋಟೋ ಸಮೇತ ತೋರಿಸಿ, ಲೆಕ್ಕವನ್ನು ಎರಡು ವರ್ಷದ ಮಗುವಿಗೆ ಮಾಡಿ ಅಂತ. ಪ್ರತಿಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಗೂ ಹಾಕಿದ್ದೇವೆ. ಹನ್ನೊಂದು ದಿನವಾಯಿತು, ಎರಡೂ ಕಡೆಯಿಂದ ಉತ್ತರ ಇಲ್ಲ. ಕಂತು ಕಟ್ಟುವುದನ್ನು ತಂಗಿ ನಿಲ್ಲಿಸಿದ್ದಾಳೆ, ಅದಕ್ಕೆ ಮಾತ್ರ ಮರುದಿನವೇ ಫೋನ್ ಬಂತು.

ಮೊನ್ನೆ ಭಾನುವಾರ ಅವಳ ಜೊತೆ ನಾನೂ ಜಾಗ ನೋಡಿ ಬಂದೆ. ಆ ಮೂಲೆಯಲ್ಲಿ ಕಪ್ಪು ಮಣ್ಣು ಮುಕ್ಕಾಲು ಖಾಲಿಯಾಗಿತ್ತು. ಗೇಟಿನ ಹತ್ತಿರ ಟಿಪ್ಪರ್ ನಿಲ್ಲಿಸಿಕೊಂಡು ಡ್ರೈವರ್ ಟೀ ಕುಡಿಯುತ್ತಿದ್ದ. ಈ ಮಣ್ಣು ಎಲ್ಲಿಗಪ್ಪಾ ಅಂತ ಕೇಳಿದೆ.

"ಎಲ್ಲಿ ಕೇಳ್ತಾರೋ ಅಲ್ಲಿಗೆ ಸಾರ್. ಸೈಟು ಲೆವೆಲ್ ಮಾಡೋಕೆ ಬೇಕಲ್ವಾ. ನಿನ್ನೆ ನಾಕು ಲೋಡು ಆ ಕಡೆ ಹೊಸಾ ಸ್ಕೂಲ್ ಕಟ್ತಾವ್ರಲ್ಲ, ಅಲ್ಲಿಗೆ ಹಾಕಿದ್ವಿ."